ಟ್ರೇಯಲ್ಲಿ ಐದನೇ ಪಾಲು

ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಲಿಫ್ಟ್ ಗಕ್ಕನೆ ನಿಂತಿತು.

ಅವಳ ಕೈಯಲ್ಲಿ ಆಗಷ್ಟೇ ಓವನ್‌ನಿಂದ ತೆಗೆದ ಪಾಸ್ಟಾ ಟ್ರೇ. ಬಟ್ಟೆ ಸುತ್ತಿ ಹಿಡಿದಿದ್ದರೂ ಬೆರಳು ಸುಡುತ್ತಿತ್ತು. ಟ್ರೇಯನ್ನು ಕೆಳಗಿಟ್ಟು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದಳು. ಲಿಫ್ಟ್ ಜಪ್ಪಯ್ಯ ಅನ್ನಲಿಲ್ಲ.

ಅಯ್ಯೋ… ಇವತ್ತೇ ಆಗಬೇಕಿತ್ತಾ ಇದು?

ಮನೆಯ ಓವನ್ ಕೆಟ್ಟಿದ್ದರಿಂದ ಮೇಲ್ಮನೆಯ ಆಂಟಿಯ ಓವನ್‌ನಲ್ಲಿ ಬೇಯಿಸಿಕೊಂಡು ಬರುತ್ತಿದ್ದಳು. ಕೆಳಗೆ ಮೂವರು ಕಾಯುತ್ತಿದ್ದರು. ಅಪ್ಪ ಬಸ್ ಡ್ರೈವರ್, ಎರಡು ಟ್ರಿಪ್ಪುಗಳ ನಡುವೆ ಬಂದು ತಿಂದು ಓಡಬೇಕು. ಅಮ್ಮ ನರ್ಸ್, ಡ್ಯೂಟಿಗೆ ಹೊರಟು ನಿಂತಿದ್ದಾಳೆ. ಬೇಕರಿಯಲ್ಲಿ ಕೆಲಸ ಮಾಡುವ ತಮ್ಮ ಬಂದು ತಿಂದವನೇ ಮಲಗಬೇಕು. ಇವಳೂ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಗೆ ಹೋಗಬೇಕು. ಊಟ ತಡವಾಯಿತೋ, ಎಲ್ಲರೂ ಬರೀ ಹೊಟ್ಟೆಯಲ್ಲೇ ಉಳಿಯುವವರು. ಅದನ್ನು ನೆನೆದದ್ದೇ ತಡ, ಅವಳಿಗೆ ಅಳು ಬಂದುಬಿಟ್ಟಿತು.

“ಒಳಗೆ ಯಾರಿದ್ದೀರಿ?” ಹೊರಗಿನಿಂದ ಗಂಡು ದನಿ.

“ನಾನು…”

“ಹೆದರ್ಬೇಡಿ. ನಾನು ಲಿಫ್ಟ್ ಮೆಕ್ಯಾನಿಕ್. ಒಳಗಿಂದ ಘಮ್ಮಂತ ವಾಸನೆ ಬರ್ತಿದೆ. ವಾಸನೆ ಇಲ್ಲಿ ತನಕ ಬರುತ್ತೆ ಅಂದ್ರೆ ಗಾಳಿ ಓಡಾಡ್ತಿದೆ ಅಂತ. ಉಸಿರು ಕಟ್ಟಲ್ಲ ನಿಮಗೆ.”

ಅಳುವ ನಡುವೆಯೂ ಅವಳಿಗೆ ನಗು ಬಂತು.

ಅವಳು ಗಾಬರಿಯಾಗಬಾರದೆಂದು ಅವನು ಮಾತಾಡಿಸುತ್ತಲೇ ಕೆಲಸ ಮಾಡಿದ. ಹೇಗೆ ಮಾಡಿದಿರಿ ಎಂದು ಕೇಳಿದ. ಮೂಗೊರೆಸಿಕೊಳ್ಳುತ್ತ ಅವಳು ಹೇಳಿದಳು. ಪಾಸ್ಟಾವನ್ನು ಬೇರೆಯಾಗಿ ಬೇಯಿಸುವುದೇ ಇಲ್ಲವಂತೆ, ಅಷ್ಟು ಪುರುಸೊತ್ತು ಯಾರಿಗಿದೆ? ಹಸಿ ಪಾಸ್ಟಾವನ್ನೇ ಟ್ರೇಗೆ ಸುರಿದು, ಟೊಮೇಟೊ ಸಾಸು, ಹಾಲು, ಅದು ಮುಳುಗುವಷ್ಟು ನೀರು ಹಾಕಿ, ಫಾಯಿಲ್ ಮುಚ್ಚಿ ಓವನ್‌ಗೆ ತಳ್ಳುವುದು. ಬೆಂದ ಮೇಲೆ ಫಾಯಿಲ್ ತೆಗೆದು, ಕೈ ಬಿಗಿ ಹಿಡಿಯದೆ ಚೀಸ್ ಹರಡಿ, ಮೇಲ್ಭಾಗ ಕೆಂಪಗಾಗುವವರೆಗೆ ಇನ್ನೊಮ್ಮೆ ಬಿಡುವುದು. ತೊಳೆಯಲಿಕ್ಕೆ ಒಂದೇ ಪಾತ್ರೆ.

ಬಾಗಿಲು ತೆರೆದಾಗ ಲಿಫ್ಟಿನ ನೆಲ ಅರ್ಧ ಆಳು ಕೆಳಗಿತ್ತು. ಅವನು ಮೊಣಕಾಲೂರಿ ಕೈ ಚಾಚಿದ. ಇವಳೋ, ತನ್ನ ಕೈ ಕೊಡುವ ಬದಲು ಟ್ರೇ ಕೊಟ್ಟಳು!

“ಮೊದಲು ಇದನ್ನ ಹಿಡ್ಕೊಳ್ಳಿ.”

ಅವನು ಟ್ರೇಯನ್ನು ಪಕ್ಕಕ್ಕಿಟ್ಟು ಮತ್ತೆ ಕೈ ಚಾಚಿದ. ಗ್ರೀಸ್ ಹತ್ತಿದ, ಒರಟು ಕೈ. ಮೇಲೆ ಹತ್ತಿ ನಿಂತ ಮೇಲೂ ಅವಳು ಆ ಕೈಯನ್ನು ಬಿಡಲು ಮರೆತಳು. ಅವನೂ ನೆನಪಿಸಲಿಲ್ಲ ಅನ್ನಿ.

ಮರುದಿನ ಅವನು ಅವರ ಮನೆಯ ಓವನ್‌ನ ವೈರ್ ಸರಿಮಾಡಲು ಬಂದ. ಲಿಫ್ಟಿನವನಿಗೂ ಓವನ್‌ಗೂ ಏನು ಸಂಬಂಧ ಎಂದು ನೀವು ಕೇಳಬೇಡಿ, ಅವಳೂ ಕೇಳಲಿಲ್ಲ. ಆಮೇಲೆ ಆ ಕಟ್ಟಡದ ಲಿಫ್ಟಿಗೆ ಪದೇ ಪದೇ ಎಣ್ಣೆ ಬೇಕಾಗತೊಡಗಿತು. ಅವಳು ತನ್ನ ಪಾಲಿನಿಂದ ಒಂದು ತುಂಡು ಕತ್ತರಿಸಿ ಕೊಡುವಳು. ಅವನು ಮೆಟ್ಟಿಲ ಬಳಿ ನಿಂತೇ ತಿನ್ನುವನು. ತಮ್ಮ ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟ.

ಆ ಮನೆಯ ಪದ್ಧತಿ ಅವನಿಗೆ ಬಲು ಹಿಡಿಸಿತ್ತು. ಟ್ರೇ ಹೊರಬಂದ ಕೂಡಲೇ ಅವಳು ಚಾಕುವಿನಿಂದ ನಾಲ್ಕು ಪಾಲು ಮಾಡುವಳು. ಅವರವರು ಬಿಡುವಾದಾಗ ಬಂದು ಅವರವರ ಪಾಲು ತಿನ್ನುವರು. ಎಷ್ಟೇ ಹಸಿವಿರಲಿ, ಇನ್ನೊಬ್ಬರ ಪಾಲಿಗೆ ಯಾರೂ ಕೈ ಹಾಕುವಂತಿಲ್ಲ.

ಒಂದು ದಿನ ಅವನು ತುಂಡನ್ನು ತಿನ್ನದೆ ಕೈಯಲ್ಲೇ ಹಿಡಿದು ನಿಂತ. ಲಿಫ್ಟ್ ಕಂಪನಿಯ ಬೇರೆ ಊರಿನ ಶಾಖೆಗೆ ವರ್ಗವಾಗಿದೆಯೆಂದು ಹೇಳಿದ. ಆಮೇಲೆ ಅವಳ ಮುಖ ನೋಡದೆ, “ನಿಮ್ಮನ್ನ ಮದುವೆ ಆಗಬೇಕು ಅಂತ ನನಗಾಸೆ,” ಎಂದ.

ಅವಳು ಹೌದು ಎನ್ನಲು ಬಾಯಿ ತೆರೆದಳು… ಮಾತೇ ಹೊರಡಲಿಲ್ಲ. ನಾನು ಹೋದರೆ ಈ ಮನೆಯ ಗತಿ? ಅಪ್ಪನಿಗೆ ಊಟ ಯಾರು ಇಡುತ್ತಾರೆ? ಕಾಲು ನೋವೆಂದು ಬರುವ ಅಮ್ಮ ಬಂದು ಒಲೆ ಹಚ್ಚಬೇಕಾ? ಬೇಡ ಎನ್ನಲೂ ಆಗಲಿಲ್ಲ. ಅತ್ತ ದರಿ, ಇತ್ತ ಪುಲಿ.

ಅವನಿಗೆ ಅರ್ಥವಾಯಿತೋ ಏನೋ. “ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ ಬೇಡ. ಭಾನುವಾರ ಬರ್ತೀನಿ. ಟ್ರೇಯಲ್ಲಿ ಐದನೇ ಪಾಲು ಇದ್ರೆ ಹೌದು ಅಂತ ತಿಳ್ಕೋತೀನಿ. ಇಲ್ದಿದ್ರೆ ಏನೂ ಕೇಳಲ್ಲ, ನಿಮಗೆ ತೊಂದ್ರೆನೂ ಕೊಡಲ್ಲ.”

ಭಾನುವಾರ ಅವಳು ಐದು ಪಾಲು ಮಾಡಿದಳು. ಏನಾದರಾಗಲಿ, ಅವನನ್ನು ಬಿಟ್ಟು ನನ್ನಿಂದ ಇರಲಾಗದು! ಅಷ್ಟರಲ್ಲಿ ಅಂಗಡಿಯಿಂದ ಕರೆ ಬಂತು, ಜೊತೆಯವಳಿಗೆ ಜ್ವರವಂತೆ. ಹೋಗಲೇಬೇಕು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಸಮಾಧಾನವೂ ಆಯಿತು. ಎದುರು ನಿಂತು ಹೇಳುವ ಪಾಡಿಲ್ಲ, ಟ್ರೇಯೇ ಹೇಳುತ್ತದೆ. ಮನೆಯವರಿಗೂ ನಾಚಿಕೆಯಿಂದ ಏನೂ ಹೇಳದೆ ಓಡಿದಳು. ಮಾಡಿದ್ದೇ ತಪ್ಪು ನೋಡಿ.

ಸಂಜೆ ಬಂದಾಗ ಟ್ರೇ ಖಾಲಿ ಇತ್ತು. ಓವನ್ ತೆರೆದರೆ ಒಳಗೊಂದು ಬಟ್ಟಲು, ಬಟ್ಟಲಲ್ಲಿ ಐದನೇ ಪಾಲು. ಬಿಸಿಯಾಗಿರಲೆಂದು ಅಮ್ಮ ಎತ್ತಿಟ್ಟಿರಬೇಕು. ಯಾರೂ ಮುಟ್ಟಿರಲಿಲ್ಲ. ಅಂಚು ಒಣಗಿ ಕಟ್ಟಿಗೆಯಾಗಿತ್ತು.

ಅವನು ಬರಲೇ ಇಲ್ಲ.

ಅವಳು ಫೋನ್ ತೆಗೆದಳು, ಬರೆದಳು, ಅಳಿಸಿದಳು. ಕೇಳಿದವನು ಅವನು, ಬಾರದವನೂ ಅವನೇ. ಮನಸ್ಸು ಬದಲಾಗಿರಬೇಕು… ಇಂಥ ಮನೆಯ ಜವಾಬ್ದಾರಿ ಹೊತ್ತವಳನ್ನು ಯಾರು ತಾನೇ ಕಟ್ಟಿಕೊಳ್ಳುತ್ತಾರೆ? ಅವನಿಂದಲೂ ಒಂದು ಮಾತಿಲ್ಲ. ಅವಳು ಅಂಗಡಿಗೆ ಹೋದಳು, ಇಸ್ತ್ರಿ ತಿಕ್ಕಿದಳು, ಬಂದು ಅಡುಗೆ ಮಾಡಿದಳು. ಯಾರದೋ ಬಿಳಿ ಅಂಗಿಯ ಮೇಲೆ ಕಣ್ಣೀರು ಬಿದ್ದರೆ ಅದರ ಮೇಲೇ ಇಸ್ತ್ರಿ ಎಳೆದುಬಿಟ್ಟಳು. ಮಗಳ ಮುಖ ಬಾಡಿದ್ದು ಅಮ್ಮನಿಗೆ ಕಂಡಿತು. ಕೇಳಿದ್ದಕ್ಕೆ ತಲೆನೋವು ಎಂದು ಹಾರಿಕೆಯ ಉತ್ತರ ಕೊಟ್ಟಳು.

ಅಪರೂಪಕ್ಕೆ ಒಂದು ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಊಟಕ್ಕೆ ಸಿಕ್ಕರು. ಲಿಫ್ಟ್ ಕೆಲಸಕ್ಕೆ ಹೊಸಬ ಬಂದಿದ್ದಾನೆ, ಹಳಬ ಇವತ್ತೇ ಕಂಪನಿಯ ವರ್ಕ್‌ಶಾಪಿನಿಂದ ಸಾಮಾನು ಸಮೇತ ಊರು ಬಿಡುತ್ತಾನಂತೆ ಎಂದು ತಮ್ಮ ಸುದ್ದಿ ಹೇಳಿದ.

“ಒಳ್ಳೇ ಹುಡುಗ,” ಎಂದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ. “ಆ ಭಾನುವಾರ ಬಂದಿದ್ದ. ನಾನು ನಿದ್ದೆಗಣ್ಣಲ್ಲಿ ಬಾಗಿಲು ತೆಗೆದೆ. ಟ್ರೇ ನೋಡ್ತಾ ನಿಂತುಬಿಟ್ಟ. ಎಲ್ಲರ ಪಾಲೂ ಖಾಲಿ ಆಯ್ತಪ್ಪ ಅಂದೆ. ಹಸಿದಿದ್ನೋ ಏನೋ, ಮುಖ ಸಣ್ಣದು ಮಾಡ್ಕೊಂಡು ಹೋದ, ಪಾಪ.”

ಅವಳ ಕೈಯಿಂದ ಚಮಚ ಜಾರಿತು.

“ಖಾಲಿ ಎಲ್ಲಿ ಆಗಿತ್ತು?” ಅಮ್ಮ ಗಂಡನತ್ತ ತಿರುಗಿದಳು. “ಐದನೇದು ಅವನಿಗೇ ಅಂತ ನನಗೆ ಗೊತ್ತಾಗಲ್ವಾ? ಆರಿದ್ದು ತಿನ್ನಬಾರದು ಅಂತ ಓವನ್‌ನಲ್ಲಿ ಇಟ್ಟು ಡ್ಯೂಟಿಗೆ ಹೋದೆ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಅವಳು ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ನಾನು ಹೋದರೆ ನಿಮಗೆ ಯಾರು ದಿಕ್ಕು ಎಂದು ಬಾಯಿ ಕಟ್ಟಿಹೋಯಿತು ಎಂಬುದನ್ನೂ ಹೇಳಿದಳು.

ಅಮ್ಮ ಅವಳ ಮುಖದ ಮೇಲಿನ ಕೈ ಬಿಡಿಸಿದಳು. “ಪಾಸ್ಟಾ ಟ್ರೇಗೆ ಸುರಿಯೋಕೆ ನಮಗೂ ಕೈ ಇದೆ. ಚೆನ್ನಾಗಿ ಬರಲ್ಲ, ತಿಂತೀವಿ ಬಿಡು. ನಮಗೋಸ್ಕರ ನೀನು ಹೀಗೆ ಒಣಗೋದನ್ನ ನೋಡ್ತಾ ಕೂತ್ಕೊಳ್ಳೋಕೆ ನನ್ನಿಂದ ಆಗಲ್ಲ.”

ಫೋನ್ ಮಾಡಿದರೆ ಅವನದು ಸ್ವಿಚ್ ಆಫ್. ಅಪ್ಪ ಕೈ ತೊಳೆದುಕೊಂಡು ಎದ್ದ. “ನನ್ನ ಬಸ್ಸು ವರ್ಕ್‌ಶಾಪ್ ಮುಂದೇನೇ ಹೋಗೋದು. ಹತ್ತು ಮಗಳೇ.”

“ಲಿಫ್ಟ್ ಭಾವನ್ನ ಕರ್ಕೊಂಡೇ ಬಾ ಅಕ್ಕ,” ಎಂದ ತಮ್ಮ.

ಹತ್ತಿದಳೇನೋ ಸರಿ. ಆದರೆ ಬಸ್ಸು ಬಸ್ಸೇ ತಾನೇ? ಮಗಳ ಬಾಳು ಹಾದಿ ಕಾಯುತ್ತಿದೆಯೆಂದು ನಿಲ್ದಾಣ ಬಿಟ್ಟು ಓಡಿಸಲಾಗುತ್ತದೆಯೇ? ಪ್ರತಿ ನಿಲ್ದಾಣದಲ್ಲೂ ನಿಂತಿತು. ಒಬ್ಬ ಅಜ್ಜಿ ಚೀಲ ಹತ್ತಿಸಿ, ಕೋಲು ಹತ್ತಿಸಿ, ಆಮೇಲೆ ತಾನು ಹತ್ತಿದಳು. ಅಪ್ಪ ಕನ್ನಡಿಯಲ್ಲಿ ಮಗಳನ್ನು ನೋಡಿದ. ನನ್ನ ಕೈಯಲ್ಲಿ ಏನಿದೆ ಹೇಳು ಎನ್ನುವಂತಿತ್ತು ಆ ನೋಟ. ಮುಂದಿನ ಸೀಟಿನ ಕಂಬಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಹೋಗಿಬಿಟ್ಟಿರುತ್ತಾನೆ… ಖಂಡಿತ ಹೋಗಿಬಿಟ್ಟಿರುತ್ತಾನೆ.

ವರ್ಕ್‌ಶಾಪಿನ ಅಂಗಳದಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಅವನು ಉಕ್ಕಿನ ಹಗ್ಗದ ಸುರುಳಿ ಎತ್ತಿಡುತ್ತಿದ್ದ. ಅವಳನ್ನು ಕಂಡು ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟ. ಕೋಪವೇನೂ ಇರಲಿಲ್ಲ ಅವನ ಮುಖದಲ್ಲಿ, ಅದೇ ಅವಳನ್ನು ಹೆಚ್ಚು ನೋಯಿಸಿತು.

“ನಾನು ಏನೂ ಕೇಳಲ್ಲ ಅಂತ ಹೇಳಿದ್ನಲ್ಲ,” ಎಂದ. “ಇಷ್ಟು ದೂರ ಯಾಕೆ ಬಂದ್ರಿ?”

“ಐದು ಪಾಲು ಮಾಡಿದ್ದೆ. ಆರಬಾರದು ಅಂತ ಅಮ್ಮ ನಿಮ್ಮ ಪಾಲನ್ನ ಓವನ್‌ನಲ್ಲಿ ಇಟ್ಟುಬಿಟ್ಟಿದ್ರು. ಅಪ್ಪನಿಗೆ ಗೊತ್ತಿರ್ಲಿಲ್ಲ. ನೀವು ಬಂದೇ ಇಲ್ಲ ಅಂತ ನಾನು…”

ಅವನು ವ್ಯಾನಿಗೆ ಆತು ನಿಂತ. ಇಷ್ಟು ದಿನ ಊಟ ಸೇರಲಿಲ್ಲ, ಫೋನ್ ಕೈಗೆತ್ತಿಕೊಂಡರೆ ಎಲ್ಲಿ ನಿಮ್ಮನ್ನು ಕಾಡಿಬಿಡುತ್ತೇನೋ ಎಂದು ಅದನ್ನೂ ಆರಿಸಿಟ್ಟೆ ಎಂದು ತಡವರಿಸುತ್ತ ಹೇಳಿದ. ಇವತ್ತು ಹೋಗದೆ ವಿಧಿಯಿಲ್ಲ, ಅಲ್ಲಿ ಕೆಲಸಕ್ಕೆ ಸೇರಲೇಬೇಕು ಎಂದೂ ಹೇಳಿದ. ಅವಳಿಗೂ ಅದು ಗೊತ್ತಿತ್ತು. ತಡೆಯುವ ದಾರಿ ಇಬ್ಬರಿಗೂ ಇರಲಿಲ್ಲ. ವ್ಯಾನಿನ ಡ್ರೈವರ್ ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ.

“ಹೋಗಿ,” ಎಂದಳು. “ಆದ್ರೆ ಕೇಳಿಸ್ಕೊಂಡು ಹೋಗಿ. ಇನ್ಮೇಲೆ ಟ್ರೇ ಕೈಲಿ ಹೇಳಿಸಲ್ಲ ನಾನು. ನನಗೆ ನೀವು ಬೇಕು. ಮದುವೆ ಆಗ್ತೀನಿ. ನೀವು ಎಲ್ಲಿದ್ರೆ ನಾನು ಅಲ್ಲಿಗೇ ಬರ್ತೀನಿ.”

ಅವನ ಕಣ್ಣು ತುಂಬಿತು. ಕೈ ಗ್ರೀಸಾಗಿದೆಯೆಂದು ಅಷ್ಟೇ ಗ್ರೀಸಾಗಿದ್ದ ಮೊಣಕೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡ.

“ಓವನ್‌ನಲ್ಲಿದ್ದ ನನ್ನ ಪಾಲನ್ನ ಆಮೇಲೆ ಏನು ಮಾಡಿದ್ರಿ?”

“ತಿಂದೆ. ಒಣಗಿ ಕಟ್ಟಿಗೆ ಆಗಿದ್ರೂ ನಿಮ್ಮ ಪಾಲನ್ನ ಬಿಸಾಕೋಕೆ ಮನಸ್ಸು ಬರಲಿಲ್ಲ.”