ಕಲ್ಲುಕುವರನ ಕಿವಿ

ಗಂಗಾಂಬಿಕಾಳ ಅಜ್ಜಿ ಹೂಂಗುಟ್ಟುವವರಿಲ್ಲದೆ ಕಥೆ ಹೇಳುತ್ತಿರಲಿಲ್ಲ. ಮೊಮ್ಮಕ್ಕಳೆಲ್ಲ ನಿದ್ದೆಗೆ ಜಾರಿ ಒಬ್ಬರ ಬಾಯಿಂದಲೂ ‘ಹೂಂ’ ಬಾರದಿದ್ದರೆ, ರಾಜಕುಮಾರನನ್ನು ಕುದುರೆಯ ಮೇಲೆಯೇ, ರಾಕ್ಷಸನನ್ನು ಬಾಯಿ ತೆರೆದಂತೆಯೇ ಬಿಟ್ಟು, ವಿಭೂತಿ ಹಚ್ಚಿಕೊಂಡು ಮಲಗಿಬಿಡುತ್ತಿದ್ದಳು. ಆ ಮುದುಕಿಯ ಬಾಯಿ ಬಂದದ್ದು ಗಂಗಾಂಬಿಕಾಳೊಬ್ಬಳಿಗೇ. ಹೂಂಗುಟ್ಟುವವನು ಸಿಗುವಷ್ಟರಲ್ಲಿ ಅವಳಿಗೆ ಮೂವತ್ತೊಂದು ತುಂಬಿತ್ತು.

ಅವನು ಸಿಕ್ಕದ್ದೂ ಒಂದು ಬೈಗುಳದಿಂದ.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲಾಲ್ ಬೀಯ ಟೇಲರಿಂಗ್ ಅಂಗಡಿ. ಬ್ಲೌಸು ಹೊಲಿಯುವುದು ಲಾಲ್ ಬೀ. ಸೀರೆಗೆ ಫಾಲ್ಸ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು ಗಂಗಾಂಬಿಕಾ. ಗೋಡೆಯ ಮೇಲೆ ಒಂದು ಟಿವಿ. ಸಂಜೆ ಆರೂವರೆಗೆ ‘ಕಲ್ಲುಕುವರ’ ಧಾರಾವಾಹಿ ಶುರುವಾದರೆ ಗಂಗಾಂಬಿಕಾಳ ಬೆರಳುಗಳು ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು, ಕಣ್ಣು ಮಾತ್ರ ಮೇಲೆ.

ಅವತ್ತು ರಾಜಕುಮಾರ ಕಾಡಿನಲ್ಲಿ ಹಾಡುತ್ತಾ ಹೋಗುತ್ತಿದ್ದ. ಮಾಟಗಾತಿ ಬೆನ್ನ ಹಿಂದೆಯೇ ಬರುತ್ತಿದ್ದಳು.

“ಏ ಮೂರ್ಖಾ, ಹಿಂದ ತಿರುಗಿ ನೋಡಲೇ!” ಎಂದು ಗಂಗಾಂಬಿಕಾ ಕೂಗಿದಳು.

ಹಗರಿಬೊಮ್ಮನಹಳ್ಳಿಯಿಂದ ಬಂದ ದಾರದ ಪಾರ್ಸಲ್ ಹಿಡಿದು ಬಾಗಿಲಲ್ಲಿ ನಿಂತಿದ್ದವನೊಬ್ಬ ಸರಕ್ಕನೆ ಹಿಂದೆ ತಿರುಗಿದ. ಓಣಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿ, “ಯಾರೂ ಇಲ್ಲಲ್ರಿ?” ಎಂದ.

ಲಾಲ್ ಬೀ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ನಕ್ಕಳು.

“ನಿಮಗಂದಿದ್ದಲ್ರಿ,” ಗಂಗಾಂಬಿಕಾಳ ಕಿವಿಯ ತುದಿ ಕೆಂಪಾಯಿತು. “ಆ ರಾಜಕುಮಾರಗ.”

“ಇರ್ಲಿ ಬಿಡ್ರಿ. ನಮ್ಮ ಬಸ್ನ್ಯಾಗ ದಿನಾ ಬೈಸ್ಕೊಂತೀನಿ. ರಾಜಕುಮಾರ ಅಂತ ಬೈಸ್ಕೊಂಡಿದ್ದು ಇದ ಮೊದಲು.”

ಹೀಗೆಂದು ಅವನು ನಕ್ಕಾಗ ಎಡಗೆನ್ನೆಯಲ್ಲಿ ಒಂದು ಗುಳಿ ಮೂಡಿ ಮಾಯವಾಯಿತು. ಗಂಗಾಂಬಿಕಾ ಅದನ್ನು ನೋಡಿದಳು. ಮುಂದಿನ ಎರಡು ಗಂಟು ಓರೆಯಾದವು.

ಅವನ ಹೆಸರು ಗುರುಶಾಂತ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಮೇಲೆ ಉಜ್ಜಿನಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಅವತ್ತು ಬಸ್ಸು ಪಂಕ್ಚರ್ ಆಗಿ ನಿಂತದ್ದರಿಂದ ಎಪಿಸೋಡ್ ಮುಗಿಯುವವರೆಗೂ ಕೂತ. ರಾಜಕುಮಾರ ಕಲ್ಲಾದ. ಏಳುವಾಗ ಗುರುಶಾಂತ, “ದಿನಾ ಈ ಹೊತ್ನ್ಯಾಗ ನಾ ಉಜ್ಜಿನಿ ದಾರ್ಯಾಗ ಇರ್ತೀನ್ರಿ. ನಾಳೆ ಏನಾತು ಅಂತ ಫೋನಿನ್ಯಾಗ ಹೇಳ್ತೀರೇನು?” ಎಂದ.

ಮರುದಿನ ಗಂಗಾಂಬಿಕಾ ವಾಯ್ಸ್ ಮೆಸೇಜ್ ಕಳಿಸಿದಳು. ಹತ್ತು ನಿಮಿಷದ ಮೇಲೆ ಉತ್ತರ ಬಂತು. ಒಂದೇ ಅಕ್ಷರ: “ಹೂಂ.”

ಅವಳಿಗೆ ಅಜ್ಜಿ ನೆನಪಾದಳು.

*

ಆ ಕಥೆಯಲ್ಲಿ ಹೊನ್ನಿ ಎಂಬ ಬಡ ಹುಡುಗಿ ಕಲ್ಲಾದ ಕುವರನ ಮುಂದೆ ದಿನಾ ಸಂಜೆ ದೀಪ ಹಚ್ಚಿ ಒಂದು ಕಥೆ ಹೇಳುತ್ತಾಳೆ. ಕಥೆಯೊಂದಕ್ಕೆ ಒಂದು ಬೆರಳಗಲ ಕಲ್ಲು ಕರಗಿ ಮೈಯಾಗುತ್ತದೆ. ಪಾದದಿಂದ ಶುರು, ಕಣ್ಣು ಕಿವಿ ಕಟ್ಟಕಡೆಗೆ. ಹಾಗೆ ಎಂಟು ತಿಂಗಳು ಟಿವಿಯಲ್ಲಿ ಹೊನ್ನಿ ಕಲ್ಲಿಗೆ ಕಥೆ ಹೇಳಿದಳು, ಕೊಟ್ಟೂರಿನಲ್ಲಿ ಗಂಗಾಂಬಿಕಾ ಗುರುಶಾಂತನಿಗೆ ಹೇಳಿದಳು.

“ಕೇಳ್ರಿ ಕಂಡಕ್ಟರ್, ಇವತ್ತು ಪಾದಕ್ಕ ಜೀವ ಬಂತು. ಕಾಲು ಬಂದ ಮ್ಯಾಲೂ ಓಡಿ ಹೋಗದ ಗಂಡಸು ಲೋಕದಾಗ ಇವನೊಬ್ಬನ ನೋಡ್ರಿ.”

“ಹೂಂ.”

“ಇವತ್ತು ಎದಿ ಕರಗಿತು. ಹೊನ್ನಿ ಕಿವಿ ಇಟ್ಟು ಕೇಳಿದ್ಲು. ಒಬ್ಬರ ಎದ್ಯಾಗ ಸದ್ದು ಹುಟ್ಟಸ್ಬೇಕಂದ್ರ ಇನ್ನೊಬ್ಬರು ಎಷ್ಟು ಸಂಜಿ ಸುಟ್ಕೋಬೇಕೋ ಶಿವನ.”

“ಹೂಂ.”

‘ರೀ’ ಹೋಗಿ ‘ನೀ’ ಬಂತು. ಪಾರ್ಸಲ್ ಇಲ್ಲದ ದಿನವೂ ಬಸ್ಸು ಓಣಿಯ ತುದಿಯಲ್ಲಿ ಎರಡು ಸಲ ಹಾರ್ನ್ ಹೊಡೆಯತೊಡಗಿತು. ಅವಳು ತಲೆ ಎತ್ತುತ್ತಿರಲಿಲ್ಲ. ಕೈಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿಯುವ ನೆಪದಲ್ಲಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಫುಟ್‌ಬೋರ್ಡಿನ ಮೇಲೆ ನಿಂತು, ಬೆರಳ ಸಂದಿಯಲ್ಲಿ ನೋಟು ಮಡಚಿ ಹಿಡಿದು, ಅವನೂ ಹಾಗೆಯೇ ನೋಡುತ್ತಿದ್ದ.

“ನೀ ಕಟ್ಟಿದ ಕುಚ್ಚು ಉಟ್ಕೊಂಡು ಊರ ಹುಡುಗ್ಯಾರೆಲ್ಲ ಗಂಡನ ಮನಿಗೆ ಹೋದ್ರು,” ಲಾಲ್ ಬೀ ಕೆಣಕುವಳು. “ನಿನ್ ಸೆರಗಿಗೆ ಯಾವಾಗ ಬೇಟಿ?”

“ಸುಮ್ನಿರು ಚಾಚಿ.”

ಆದರೆ ಕಳೆದ ತಿಂಗಳು ಗುರುಶಾಂತನೇ ಹೇಳಿದ್ದ: “ಸೀರಿಯಲ್ ಮುಗೀಲಿ ಗಂಗಾ. ನಿನಗೊಂದು ಮಾತು ಹೇಳೋದೈತಿ.” ಆ ಸೋಮವಾರ ಅವಳು ಗುರುಬಸವೇಶ್ವರನ ಗುಡಿಯಲ್ಲಿ ಎಣ್ಣೆ ಹಾಕಿ ಬಂದಳು. ಏನನ್ನೂ ಬೇಡಲಿಲ್ಲ. ಬೇಡುವುದು ಏನೆಂದು ದೇವರಿಗೆ ಗೊತ್ತಿದ್ದೇ ಇತ್ತು.

*

ಕೊನೆಯ ವಾರದ ಮಂಗಳವಾರ ಹಡಗಲಿಯಿಂದ ಒಬ್ಬ ಹುಡುಗಿ ಬಂದಳು. ಅಮೃತಾ ಅಂತ. ಇಪ್ಪತ್ಮೂರು ಇಪ್ಪತ್ನಾಲ್ಕರ ವಯಸ್ಸು, ಜಡೆ ತುಂಬ ಹಡಗಲಿ ಮಲ್ಲಿಗೆ. ಬ್ಯಾಗಿನಿಂದ ಕುಂಕುಮ ಬಣ್ಣದ ಧಾರೆ ಸೀರೆ ತೆಗೆದು ಗಂಗಾಂಬಿಕಾಳ ಮಡಿಲಿಗೆ ಇಟ್ಟಳು.

“ಅಕ್ಕಾ, ಭಾನುವಾರಕ್ಕ ಬೇಕ್ರಿ. ಚಂದ ಕಟ್ಟಿ ಕೊಡ್ರಿ.”

“ಕೊಡೋಣ ಬಿಡವ್ವ,” ಗಂಗಾಂಬಿಕಾ ಸೆರಗು ಬಿಡಿಸಿ ಎಳೆ ಸರಿಮಾಡತೊಡಗಿದಳು. ಅಷ್ಟರಲ್ಲಿ ಟಿವಿಯಲ್ಲಿ ‘ಕಲ್ಲುಕುವರ’ ಶುರುವಾಯಿತು. ಅಮೃತಾ ಅಲ್ಲೇ ಸ್ಟೂಲಿನ ಮೇಲೆ ಕೂತಳು.

“ಅಯ್ಯ, ನೀವೂ ನೋಡ್ತೀರೇನ್ರಿ? ನಮ್ಮವರೂ ನೋಡ್ತಾರ್ರಿ, ಡ್ಯೂಟಿ ಮ್ಯಾಲ, ಮೊಬೈಲಿನ್ಯಾಗ. ಗಂಡಸರು ಹಿಂಗ ನೋಡೋದು ನಾ ಕಂಡಿದ್ದಿಲ್ಲ. ನಿಶ್ಚಯ ಆಗಿ ಎಂಟು ತಿಂಗಳಾತು, ಆವಾಗಿಂದ ದಿನಾ ಫೋನ್ ಮಾಡಿ ಒಂದೊಂದು ಮಾತು ಹೇಳ್ತಾರ, ಬರ್ದಿಟ್ಕೋಬೇಕು ಹಂಗಿರ್ತಾವ.”

“ಏನಂತ ಹೇಳ್ತಾರ?” ಲಾಲ್ ಬೀ ಕಣ್ಣು ಹೊಡೆದಳು.

ಅಮೃತಾ ನಾಚಿ ಸೆರಗು ತಿರುವಿದಳು. “ಎದಿ ಕರಗಿದ ದಿನ ಹೇಳಿದ್ರು, ಒಬ್ಬರ ಎದ್ಯಾಗ ಸದ್ದು ಹುಟ್ಟಸ್ಬೇಕಂದ್ರ ಇನ್ನೊಬ್ಬರು ಎಷ್ಟು ಸಂಜಿ ಸುಟ್ಕೋಬೇಕೋ ಶಿವನ, ಅಂತ. ನಾ ಅತ್ತಬಿಟ್ಟೆ ಅಕ್ಕಾ.”

ಗಂಗಾಂಬಿಕಾಳ ಬೆರಳು ನಿಂತಿತು. ‘ಶಿವನ’ ಎಂಬಲ್ಲಿ ತಾನು ಎಳೆದ ಉಸಿರು ಕೂಡ ಆ ಹುಡುಗಿಯ ಬಾಯಲ್ಲಿ ಹಾಗೇ ಇತ್ತು.

“ಯಾವೂರಿನವರು ನಿಮ್ಮವರು?”

“ಈ ಕಡಿಯವರ ಅಕ್ಕಾ. ಕಂಡಕ್ಟರ್ ಗುರುಶಾಂತ. ನಿಮ್ಮ ಹೆಸರು ಹೇಳಿದ್ದೂ ಅವರ. ಕೊಟ್ಟೂರಾಗ ಗಂಗಕ್ಕ ಅಂತ ಅದಾರ, ಅವರ ಕೈ ಭಾಳ ನಯ, ಅವರ ಕಡಿ ಕೊಡು ಅಂದ್ರು.”

ಲಾಲ್ ಬೀಯ ಮಿಷನ್ನು ಗಕ್ಕನೆ ನಿಂತಿತು. ಗಂಗಾಂಬಿಕಾ ಮಾತ್ರ ತಲೆ ಬಗ್ಗಿಸಿ ಮೊದಲ ಗಂಟು ಹಾಕಿದಳು. ಬಿಗಿಯಾಗಿ, ನೇರವಾಗಿ.

*

ಬುಧವಾರ ಮಧ್ಯಾಹ್ನ ಅವನೇ ಬಂದ. ಲಾಲ್ ಬೀ ಅವನ ಮುಖ ನೋಡದೆ, ನಮಾಜಿಗೆ ಹೊತ್ತಾಯಿತೆಂದು ಒಳಕೋಣೆಗೆ ಹೋದಳು.

“ಅಮೃತಾ ಬಂದಿದ್ಲಂತ,” ಗುರುಶಾಂತ ಪಾರ್ಸಲ್ ಇಟ್ಟ. “ಇದನ್ನ ಹೇಳೋದಿತ್ತು ಗಂಗಾ. ಮುಂದಿನ ಗುರುವಾರ ಲಗ್ನ. ನೀನು ಮುಂದ ನಿಂತು ಮಾಡ್ಬೇಕು.”

“ಈ ಒಂದು ಮಾತಿಗೆ ಸೀರಿಯಲ್ ಮುಗಿಯೋದು ಯಾಕ ಬೇಕಾಗಿತ್ತು?”

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. “ಮೊದಲ ಹೇಳಿದ್ರ ನೀ ಕಥಿ ಹೇಳೋದು ಬಿಡ್ತಿದ್ದೆಲ್ಲ. ಅಕಿಗೆ ಏನು ಹೇಳ್ಲಿ ನಾ? ನನಗ ಟಿಕೆಟ್ ತಗೋರಿ, ಮುಂದ ಸರೀರಿ, ಇಷ್ಟ ಬರೋದು. ನೀ ಅಂದಿದ್ದನ್ನ ಒಂದು ಸಲ ಹೇಳಿದೆ, ನಕ್ಕಳು. ಹಂಗ ನಡೀತು.”

“ನನ್ನ ಮಾತು ಕೇಳುವಾಗ ನಿನಗ ಏನೂ ಅನ್ನಿಸಲಿಲ್ಲೇನು ಗುರುಶಾಂತ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಕೆಟ್ಟವನಾಗಿದ್ದರೆ ಸುಳ್ಳು ಹೇಳುತ್ತಿದ್ದ.

“ಅನ್ನಸ್ತಿತ್ತು,” ಎಂದ. “ಇಷ್ಟುದ್ದ ಐತಲ್ಲ, ಹೆಂಗ ನೆನಪಿಟ್ಟು ಹೇಳ್ಲಿ, ಅಂತ.”

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಎರಡು ಸಲ. ಇಷ್ಟು ದಿನವೂ ಅದು ಡ್ರೈವರ್ ಕಂಡಕ್ಟರನನ್ನು ಕರೆಯುವ ಹಾರ್ನು ಎಂದು ಗಂಗಾಂಬಿಕಾಳಿಗೆ ಆಗ ತಿಳಿಯಿತು.

“ಶುಕ್ರವಾರ ಕಡೀ ಎಪಿಸೋಡು,” ಮೆಟ್ಟಿಲ ಮೇಲೆ ನಿಂತು ಅವನು ನೆನಪಿಸಿದ. “ಅದೊಂದು ಚಂದಾಗಿ ಹೇಳು. ನೀ ನಮ್ಮಕ್ಕ ಇದ್ದಂಗ.” ಎಡಗೆನ್ನೆಯ ಗುಳಿ ಮೂಡಿತು, ಮಾಯವಾಯಿತು.

*

ಶುಕ್ರವಾರ ಟಿವಿಯಲ್ಲಿ ಕುವರನ ಕಣ್ಣು ಕಿವಿಗಳಷ್ಟೇ ಕಲ್ಲಾಗಿ ಉಳಿದಿದ್ದವು. ಹೊನ್ನಿ ಕಡೆಯ ಕಥೆ ಹೇಳುತ್ತಿದ್ದಾಗ ದೀಪ ಸಣ್ಣದಾಯಿತು. ಎಣ್ಣೆ ತರಲೆಂದು ಅವಳು ಎದ್ದುಹೋದಳು. ಕಸ ಗುಡಿಸಲು ಬಂದ ದಾಸಿ ಅಲ್ಲಿ ಕೂತಾಗ ಕಲ್ಲು ಕರಗಿತು. ಕುವರ ಕಣ್ಣು ಬಿಟ್ಟ. “ಇಷ್ಟು ದಿನ ಕೂತು ನನ್ನ ಕಲ್ಲು ಕರಗಿಸಿದವಳು ನೀನೇ ಏನು?” ಎಂದ. ದಾಸಿ “ಹೂಂ” ಎಂದಳು. ಮದುವೆಯಾಯಿತು. ಹೊನ್ನಿ ಅರಮನೆಯ ದೀಪಗಳಿಗೆ ಎಣ್ಣೆ ಹಾಕುತ್ತಾ ಹೋದಳು, ಬೆಳಕು ಹೆಚ್ಚಾಗಿ ಶುಭಂ ಎಂದು ಬಂತು.

“ಥೂ, ಇದೆಂಥ ಕಥಿ!” ಲಾಲ್ ಬೀ ರಿಮೋಟು ಒತ್ತಿದಳು. “ಅವನ ಕಿವಿಗೆ ಬೆಂಕಿ ಬೀಳ.”

“ಅಂವಂದೇನು ತಪ್ಪು ಚಾಚಿ. ಕೇಳಿದ್ರಲ್ಲ ಗೊತ್ತಾಗೋದು.”

ಮಡಿಲಲ್ಲಿ ಕುಂಕುಮದ ಸೀರೆ. ಗುಡಿಯ ಕಡೆಯಿಂದ ಸಂಜೆಯ ಗಂಟೆ ಕೇಳಿತು. ಗಂಗಾಂಬಿಕಾ ಕಣ್ಣು ಮುಚ್ಚಿ, ಮಾಡಲಿರುವುದಕ್ಕೆ ಕ್ಷಮೆ ಕೇಳಿಕೊಂಡಳು. ಅಮೃತಾ ಈ ಎಪಿಸೋಡನ್ನು ಹಡಗಲಿಯಲ್ಲಿ ನೋಡಿರುತ್ತಾಳೆ. ಗುರುಶಾಂತ ನೋಡಿರುವುದಿಲ್ಲ. ಅವನ ಬಾಯಲ್ಲಿ ಟಿವಿಯಲ್ಲಿಲ್ಲದ ಕಥೆ ಬಂದರೆ, ಎಂಟು ತಿಂಗಳ ಮಾತೆಲ್ಲ ಯಾರವು ಎಂದು ಆ ಹುಡುಗಿ ಕೇಳಿಯೇ ಕೇಳುತ್ತಾಳೆ.

ಅವಳು ಫೋನ್ ತುಟಿಯ ಹತ್ತಿರ ಹಿಡಿದಳು. ಜೀವಮಾನದಲ್ಲಿ ಅಷ್ಟು ಚಂದವಾಗಿ ಅವಳು ಕಥೆ ಹೇಳಿರಲಿಲ್ಲ.

“ಕೇಳು ಗುರುಶಾಂತ. ಹೊನ್ನಿ ಎಣ್ಣಿಗೆ ಹೋದಾಗ ಕುವರ ಕಣ್ಣು ಬಿಟ್ಟು ನೀನ ಏನು ಅಂದ, ಕಸಾ ಗುಡಿಸೋ ದಾಸಿ ಹೂಂ ಅಂದ್ಲು. ಕುವರ ನಂಬಲಿಲ್ಲ. ಕಣ್ಣು ಮುಚ್ಚಿಕೊಂಡು, ಕಥಿ ಎಲ್ಲಿಗೆ ನಿಂತಿತ್ತು ಹೇಳು ಅಂದ. ದಾಸಿ ತೊದಲಿದ್ಲು. ಬಾಗಿಲಾಗ ಎಣ್ಣಿ ಗಿಂಡಿ ಹಿಡಿದು ನಿಂತಿದ್ದ ಹೊನ್ನಿ ಅಲ್ಲಿಂದ ಮುಂದ ಹೇಳಿದ್ಲು. ಕಿವಿ ಕಲ್ಲಾಗಿದ್ರೂ ಅವನ ಪಾದ ಆ ದನಿ ಕೇಳಿತ್ತಂತ. ಮಣಕಾಲು ಕೇಳಿತ್ತಂತ. ಎದಿ ಕೇಳಿತ್ತಂತ. ಕಣ್ಣು ತೆರೀಲಾರದ ಅಂವ ಹೂಂ ಅಂದ. ಒಂದ ಒಂದು ಹೂಂ. ಹೊನ್ನಿ ಕೈಯಾಗಿನ ಗಿಂಡಿ ಜಾರಿಬಿತ್ತು.”

ಹತ್ತು ನಿಮಿಷದ ಮೇಲೆ ಉತ್ತರ ಬಂತು. “ಹೂಂ. ಚಂದ ಐತಿ.”

*

ಭಾನುವಾರ ಅಮೃತಾ ಓಡುತ್ತಲೇ ಬಂದಳು. ಕಣ್ಣು ಊದಿದ್ದವು. ಗಂಗಾಂಬಿಕಾ ಸೂಜಿ ಕೆಳಗಿಟ್ಟಳು.

“ಅಕ್ಕಾ, ಕಡೀ ಎಪಿಸೋಡ್ ನೋಡಿದ್ರಿ? ದಾಸೀನ ಕಟ್ಕೊಂಡ ಮೂರ್ಖ. ನಮ್ಮವರು ಫೋನ್ ಮಾಡಿದ್ರು ನೋಡ್ರಿ, ಬ್ಯಾರೇನ ಕಥಿ ಹೇಳಿದ್ರು! ಕುವರ ಹೂಂ ಅಂದನಂತ, ಹೊನ್ನಿ ಗಿಂಡಿ ಬಿತ್ತಂತ.”

“ಯಾಕಂತ ನೀ ಕೇಳಲಿಲ್ಲೇನು?” ಎಂದಳು ಗಂಗಾಂಬಿಕಾ.

“ಕೇಳಿದೆ. ಟಿವ್ಯಾಗ ಹಿಂಗ ಆಗೇ ಇಲ್ಲಲ್ರಿ ಅಂದೆ. ಒಂದು ಸಲ ಕೆಮ್ಮಿದ್ರು. ಆಮೇಲೆ ಅಂದ್ರು,” ಹುಡುಗಿಯ ಕಣ್ಣು ಮತ್ತೆ ತುಂಬಿದವು, “ಆ ಹೊನ್ನಿ ಸಂಕಟ ನೋಡಿ ನೀ ಅಳ್ತಿ ಅಂತ ಗೊತ್ತಿತ್ತು, ಅದಕ್ಕ ನಿನಗಂತ ನಾನ ಕಟ್ಟಿದ ಕಥಿ, ಅಂತ. ರಾತ್ರೆಲ್ಲ ಅತ್ತೀನಿ ಅಕ್ಕಾ. ಇಂಥ ಮನಸಿನ ಗಂಡ ಯಾರಿಗೆ ಸಿಗ್ತಾನ ಹೇಳ್ರಿ?”

ಒಳಗಿನಿಂದ ಲಾಲ್ ಬೀ “ಯಾ ಅಲ್ಲಾ” ಎಂದಳು, ಮೆಲ್ಲಗೆ.

ಹೇಳಿಬಿಡಬಹುದಿತ್ತು. ಫೋನು ಕೈಯಲ್ಲೇ ಇತ್ತು. ಒಂದು ಬೆರಳು ಒತ್ತಿದರೆ ಆ ಕಥೆ ಅವಳದೇ ದನಿಯಲ್ಲಿ ಅಂಗಡಿ ತುಂಬುತ್ತಿತ್ತು. ಗಂಗಾಂಬಿಕಾ ಹುಡುಗಿಯ ಮುಖ ನೋಡಿದಳು. ತಾನು ಹೇಳಿದ ಕಥೆ ಕೇಳಿ ಒಬ್ಬರ ಮುಖ ಹೀಗೆ ಬೆಳಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎಂಟು ತಿಂಗಳು ಹೂಂಗುಟ್ಟಿದವಳು ಇವಳೇ.

“ಯಾರಿಗೂ ಸಿಗಂಗಿಲ್ಲವ್ವ,” ಎಂದಳು. ಸೀರೆ ಮಡಚಿ, ಕುಚ್ಚು ಒಳಗೆ ಬರುವಂತೆ ಸುತ್ತಿ ಕೊಟ್ಟಳು.

“ಎಷ್ಟು ಚಂದ ಆಗೈತ್ರಿ! ಒಂದು ಗಂಟೂ ಓರೆ ಇಲ್ಲ.”

“ಹೂಂ,” ಎಂದಳು ಗಂಗಾಂಬಿಕಾ.

*

ಲಗ್ನವಾಗಿ ಎರಡು ವಾರ ಕಳೆದ ಮೇಲೆ, ಒಂದು ಸೋಮವಾರ, ಗುರುಶಾಂತನ ಮೆಸೇಜು ಬಂತು. “ಇವತ್ತಿಂದ ಹೊಸಾ ಸೀರಿಯಲ್ ಐತಂತ. ಅಮೃತಾ ನಾ ಏನ್ ಹೇಳ್ತೀನಿ ಅಂತ ಕಾಯಕತ್ಯಾಳ. ಹೇಳ್ತಿ?”

ಆರೂವರೆಯಾಯಿತು. ಟಿವಿಯಲ್ಲಿ ಯಾವುದೋ ರಾಜ್ಯ, ಯಾವುದೋ ರಾಣಿ. ಗಂಗಾಂಬಿಕಾ ಮೈಕಿನ ಗುರುತು ಒತ್ತಿ ಹಿಡಿದು ಫೋನನ್ನು ತುಟಿಗೆ ತಂದಳು. ಲಾಲ್ ಬೀಯ ಮಿಷನ್ನು ಓಡುತ್ತಿತ್ತು. ದೂರದಲ್ಲಿ ಗುಡಿಯ ಗಂಟೆ. ಅವಳ ಉಸಿರು ಒಂದು ಸಲ ನಿಂತು, ಮತ್ತೆ ಬಂತು. ಪೂರಾ ಎರಡು ನಿಮಿಷ, ಒಂದು ಮಾತೂ ಇಲ್ಲದೆ. ಹೆಬ್ಬೆರಳು ಬಿಟ್ಟಳು, ಮೆಸೇಜು ಹೋಯಿತು.

ಅವಳ ಜೀವದಲ್ಲಿದ್ದುದೆಲ್ಲ ಅದರಲ್ಲಿತ್ತು.

ಮೆಸೇಜಿನ ಎರಡು ಟಿಕ್ ಗುರುತುಗಳು ನೀಲಿಯಾದವು. ಉಜ್ಜಿನಿ ದಾರಿಯಲ್ಲಿ, ಫುಟ್‌ಬೋರ್ಡಿನ ಮೇಲೆ, ಅವನು ಕಿವಿಗೆ ಹಿಡಿದು ಕೇಳುತ್ತಿರಬೇಕು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

“ಏನೂ ಕೇಳಸವಲ್ದು ಗಂಗಾ.”