ಮಹಾಧಮನಿಯ ಬಳೆ

ನೀಲಗಂಗಮ್ಮನವರ ಹೃದಯವನ್ನು ನಿಲ್ಲಿಸಿ, ರಕ್ತ ಹರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಆಗಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಗೆ ಡಾ. ಸುಚೇತಾ ಹಂಪಿಹೊಳಿ ತೆಳ್ಳನೆಯ ಬಳೆಯೊಂದನ್ನು ತೊಡಿಸಿದರು. ಅದು ಅವರೇ ಕಂಡುಹಿಡಿದದ್ದು. ನಾಳದ ಅಗಲವನ್ನು ಕ್ಷಣಕ್ಷಣವೂ ಅಳೆದು, ರಕ್ತದೊತ್ತಡ ಎಷ್ಟಿರಬೇಕೆಂದು ಬಳೆಯೇ ತೀರ್ಮಾನಿಸುತ್ತಿತ್ತು. 2056ರ ಹೊತ್ತಿಗೆ ವೈದ್ಯರು ಅದನ್ನು ಕಣ್ಣುಮುಚ್ಚಿ ನಂಬುತ್ತಿದ್ದರು.

ನಾಳ ಬಿಗಿದುಕೊಂಡಿದೆ ಎಂದಿತು ಬಳೆ. ಸಡಿಲಿಸುವ ಔಷಧಿ ತಾನಾಗಿ ಹರಿಯಿತು. ಒತ್ತಡ ಇಳಿಯಿತು, ನಾಳ ಮಾತ್ರ ಹಿಗ್ಗಲಿಲ್ಲ. ಬಳೆ ಇನ್ನಷ್ಟು ಔಷಧಿ ಬಿಟ್ಟಿತು.

"ಒತ್ತಡ ಭಾಳ ಇಳೀತಲ್ರಿ ಮೇಡಂ," ಎಂದರು ಅರಿವಳಿಕೆ ವೈದ್ಯ ಇರ್ಫಾನ್.

"ಬಳಿ ನೋಡ್ಕೋತದ, ಬಿಡ್ರಿ," ಎಂದರು ಸುಚೇತಾ.

ಹೃದಯವೇನೋ ಸರಿಹೋಯಿತು. ಆದರೆ ಎಚ್ಚರಗೊಂಡ ನೀಲಗಂಗಮ್ಮ ಗಂಡನನ್ನು ತೋರಿಸಿ, ಇವರು ಯಾರು ಎಂದು ನರ್ಸನ್ನು ಕೇಳಿದರು. ಒತ್ತಡ ಇಳಿದಿದ್ದಷ್ಟು ಹೊತ್ತು ಅವರ ಮೆದುಳಿಗೆ ಸಾಕಷ್ಟು ರಕ್ತ ಹೋಗಿರಲಿಲ್ಲ. ದಿನಗಳು ಕಳೆದರೂ ಗುರುತು ಮರಳಲಿಲ್ಲ.

ಗಾಬರಿಯಾದ ಸುಚೇತಾ ಬಳೆ ತೊಡಿಸಿದ್ದ ಹಿಂದಿನ ರೋಗಿಗಳನ್ನು ವಿಚಾರಿಸಿದರು. ಮರೆವು ಬಂದವರಲ್ಲಿ ಹೆಚ್ಚಿನವರು ಹೆಂಗಸರು. ವಯಸ್ಸಾಯಿತು, ಮನೆಯ ಚಿಂತೆ ಎಂದೆಲ್ಲ ಸಮಾಧಾನ ಹೇಳಿ ಅವರನ್ನು ಕಳಿಸಲಾಗಿತ್ತು. ಹೆಂಗಸರ ಮಹಾಧಮನಿ ಸಾಮಾನ್ಯವಾಗಿ ಕಿರಿದು. ಬಳೆ ಕಲಿತಿದ್ದು ಗಂಡಸರ ಅಳತೆ. ಸುಚೇತಾ ವಿದ್ಯಾರ್ಥಿನಿಯಾಗಿದ್ದಾಗ ಬಸ್ ಡಿಪೋಗಳ ಆರೋಗ್ಯ ಶಿಬಿರಗಳಲ್ಲಿ ಆ ಅಳತೆಗಳನ್ನು ತೆಗೆದಿದ್ದರು. ಹುಟ್ಟಿನಿಂದಲೇ ಕಿರಿದಾದ ನಾಳವನ್ನು ಬಿಗಿದುಕೊಂಡ ನಾಳ ಎಂದು ಬಳೆ ತಿಳಿದಿತ್ತು.

ನೀಲಗಂಗಮ್ಮನವರ ಗಂಡ ಈರಪ್ಪ ಬಸ್ ಚಾಲಕರಾಗಿದ್ದವರು. ಸುಚೇತಾ ಈರಪ್ಪನವರಿಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

"ಆ ಕ್ಯಾಂಪಿಗೆ ನಾನೂ ಬಂದಿದ್ದೆ ರೀ," ಎಂದರು ಈರಪ್ಪ. "ನನ್ನ ಎದಿ ಸ್ಕ್ಯಾನ್ ಮಾಡಿದ್ರಿ. ಮನಿಯವ್ರಿಗೂ ಫ್ರೀ ಐತಿ ಅಂದಿದ್ರು. ಆಗಿನ್ನೂ ನಮ್ಮದು ಹೊಸಾ ಮದುವಿ, ಆಕೀನೂ ಬಂದಿದ್ಲು."

"ಮತ್ತ ಅವರು ಯಾಕ ಮಾಡಿಸ್ಕೊಳ್ಳಿಲ್ರಿ?"

"ನನ್ನ ಅಂಗಿ ಹಿಡ್ಕೊಂಡು ಹೊರಗ ಕುಂತಿದ್ಲು. ಎಲ್ಲಾರ ಹೇಣ್ತೇರೂ ಹಂಗ ಕುಂತಿದ್ರು. ನೀವು ಕರೀಲಿಲ್ಲ. ನಾನೂ ಕರೀಲಿಲ್ರಿ."

ಸುಚೇತಾ ಅಂದೇ ಬಳೆಯ ಬಳಕೆ ನಿಲ್ಲಿಸಿದರು. ಅದರಿಂದ ನೀಲಗಂಗಮ್ಮನವರಿಗೆ ಪ್ರಯೋಜನವೇನೂ ಆಗಲಿಲ್ಲ. ಪರಿಚಯವಿಲ್ಲದ ಗಂಡಸೊಬ್ಬರ ಜೊತೆ ಅಂಜುತ್ತಲೇ ಅವರು ಮನೆಗೆ ಹೋದರು.

ಆ ಶಿಬಿರ ನಡೆದು ಆಗ ಮೂವತ್ತು ವರ್ಷವಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಈ ವರ್ಷ, 2026. ಹೆಂಗಸರು ಇನ್ನೂ ಹೊರಗೇ ಕುಳಿತಿದ್ದಾರೆ.