ಮಡಚಿದ ಎಲೆ

"ಒಂದೊಂದೇ ಎಲೆ ಬಿಡಿಸಿ ನೋಡಕ್ಕೆ ಇದೇನು ಹೆಣ್ಣು ನೋಡೋ ಶಾಸ್ತ್ರನೇನ್ರೀ? ತಗೊಳ್ಳೋದಾದ್ರೆ ತಗೊಳ್ಳಿ. ಇಲ್ಲಾಂದ್ರೆ ಕೆಳಗಿಡಿ."

ಮಂಗಳಾ ಪಾಲಕ್ ಕಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. ಹೊಸೂರು ಪಕ್ಕದ ಮತ್ತಿಗಿರಿಯ ಅವಳ ತರಕಾರಿ ಅಂಗಡಿಗೆ ಬೆಳಿಗ್ಗೆ ಬರುವವರೆಲ್ಲ ಶಿಫ್ಟ್‌ಗೆ ಓಡುವ ಜನ. ಈ ಮನುಷ್ಯ ಮಾತ್ರ ಎಲ್ಲರನ್ನೂ ಹಿಂದೆ ನಿಲ್ಲಿಸಿಕೊಂಡು, ಎಲೆಯನ್ನು ಬೆಳಕಿಗೆ ಹಿಡಿದು, ಮೂಸಿ, ಮತ್ತೆ ಹಿಡಿದು...

"ಔಷಧಿ ಹೊಡೆದಿದ್ದೀರಾ?" ಎಂದು ಕೇಳಿದ. ದನಿ ಮೆತ್ತಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

"ಸೊಪ್ಪಿಗೆ ಹೊಡಿಯಲ್ಲ. ಟೊಮೇಟೊಗೆ ಹೊಡೀತೀವಿ. ಹೊಡೀದೆ ಬೆಳೆದು ನೀವೇ ತೋರಿಸಿ, ಬಂದು ಕಾಲಿಗೆ ಬೀಳ್ತೀನಿ."

ಅವನು ನಕ್ಕುಬಿಟ್ಟ. "ಹೊಡೀತೀವಿ ಅಂದವರು ನೀವೊಬ್ಬರೇ. ಮಿಕ್ಕವರೆಲ್ಲ ದೇವರಾಣೆ ಹಾಕ್ತಾರೆ."

ಹೆಸರು ಪ್ರಮೋದ್. ತಿಪಟೂರಿನ ಕಡೆಯವನು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಮರುದಿನವೂ ಬಂದ. ಅದರ ಮರುದಿನವೂ ಬಂದ. ಸೂಳಗಿರಿ ಪಕ್ಕದ ಅವಳ ಅಪ್ಪನ ತೋಟದಿಂದ ಸೊಪ್ಪು ಬರುವುದು ತಡವಾದರೆ, ಅದು ಬರುವವರೆಗೂ ಅಂಗಡಿ ಮುಂದೆ ಕಾದು ನಿಂತ. ಕೆಲವೇ ತಿಂಗಳಲ್ಲಿ ಮಂಗಳಾ ಅವನಿಗೆಂದೇ ಎಳೆ ಸೌತೆಕಾಯಿ ಎತ್ತಿಡುವಷ್ಟಾದಳು.

"ತೊಳೆದಿದ್ದೀಯಾ?" ಅವನು ಕೇಳುತ್ತಿದ್ದ.

"ತೊಳೆದಿದ್ದೀನಿ."

"ನಿಜವಾಗ್ಲೂ?"

"ನಿಜವಾಗ್ಲೂ ಕಣೋ. ತಿನ್ನು."

ಆಗ ಮಾತ್ರ ತಿನ್ನುತ್ತಿದ್ದ. ಅವಳು ಹೇಳಿದರೆ ನಂಬುತ್ತಾನೆ! ಅವಳಿಗೆ ಅದೇ ಪ್ರೀತಿಯಾಗಿ ಕಂಡಿತು. ಅವನು ಮೊದಲು ಎಣ್ಣೆ ಬಿಟ್ಟ. ಆಮೇಲೆ ಸಕ್ಕರೆ, ಹಾಲು, ಅನ್ನ. ಫೋನಿನಲ್ಲಿ ಯಾರೋ 'ಇದು ವಿಷ, ಅದು ವಿಷ' ಎಂದು ಬಡಬಡಿಸುವುದನ್ನು ಕೇಳಿ ಒಂದೊಂದನ್ನೇ ತಟ್ಟೆಯಿಂದ ತೆಗೆದ. ಅಂಗಿಯ ಕಾಲರ್ ಸಡಿಲವಾಯಿತು. ಕೆನ್ನೆ ಒಳಗೆ ಹೋಯಿತು. ಎಂಥ ಶಿಸ್ತು ಎಂದು ಮಂಗಳಾ ಹೆಮ್ಮೆಪಟ್ಟಳು. ಒಣಗುತ್ತಿರುವ ಮನುಷ್ಯನನ್ನು ಕಂಡು ಹೆಮ್ಮೆಪಟ್ಟಳಲ್ಲ, ಅವಳ ಕಣ್ಣಿಗೆ ಅಷ್ಟು ಮಂಕು ಕವಿದಿತ್ತು.

ಮದುವೆಯ ಮಾತುಕತೆಗೆ ಪ್ರಮೋದ್ ತನ್ನ ತಾಯಿ ಸಾಕಮ್ಮನನ್ನು ಕರೆದುಕೊಂಡು ಮಂಗಳಾಳ ಊರಿಗೆ ಬಂದ. ಅಪ್ಪ ದೊಡ್ಡಣ್ಣ ಒಪ್ಪಿದ. ಸೋದರಮಾವ ಶ್ಯಾಮಣ್ಣನೂ ಗೊಣಗುತ್ತಾ ಒಪ್ಪಿದ. ಉಳಿದದ್ದು ಊಟ. ಆ ಮನೆತನದಲ್ಲಿ ಮಾತು ಕೂಡಿದ ಮೇಲೆ ಗಂಡು ಹೆಣ್ಣಿನ ಮನೆಯಲ್ಲಿ ಉಣ್ಣಲೇಬೇಕು. ಉಂಡರೆ ಒಪ್ಪಿದ ಹಾಗೆ. ಮುಟ್ಟದೆ ಎಲೆ ಮಡಚಿದರೆ ಹೆಣ್ಣು ಬೇಡ ಎಂದ ಹಾಗೆ. ಬಾಯಿಮಾತಿಗಿಂತ ಅದೇ ದೊಡ್ಡದು. ಮಂಗಳಾ ಅದನ್ನು ಅವನಿಗೆ ಮೊದಲೇ ಹೇಳಿದ್ದಳು.

ಅವ್ವ ಪಾಪಮ್ಮ ಎಲೆ ಹಾಕಿ ಮುದ್ದೆ ಇಟ್ಟಳು. ಅವರೆಕಾಳಿನ ಸಾರು ಬಡಿಸಿದಳು.

ಪ್ರಮೋದ್ ಎಲೆಯನ್ನೇ ನೋಡುತ್ತಾ ಕೂತ. ಹಣೆಯಲ್ಲಿ ಬೆವರು.

"ಎಲೆ ತೊಳೆದಿದ್ದೀರಾ?"

"ತೊಳ್ದಿವ್ನಪ್ಪಾ," ಎಂದಳು ಪಾಪಮ್ಮ.

"ಕಾಳು?"

"ಅದೂ ತೊಳ್ದೆ."

"ಎಲೆ... ತೊಳೆದಿದ್ದೀರಾ?"

ಪಂಕ್ತಿಯಲ್ಲಿದ್ದವರೆಲ್ಲ ತಿರುಗಿದರು. ಪಾಪಮ್ಮನ ಮುಖ ಸಣ್ಣಗಾಯಿತು. ಉಣ್ಣು, ಉಣ್ಣೋ ಎಂದು ಬಾಗಿಲ ಬಳಿ ನಿಂತ ಮಂಗಳಾ ಒಳಗೊಳಗೇ ಬೇಡಿಕೊಂಡಳು. ಅವನ ಕೈ ಮುದ್ದೆಯ ಹತ್ತಿರ ಹೋಯಿತು, ಹಿಂದೆ ಬಂತು. ಕೊನೆಗೆ ಎಲೆ ಮಡಚಿ ಎದ್ದುಬಿಟ್ಟ.

"ಮಾಪ್ಳೆ ಎಲೆ ಮಡಚ್ಬುಟ್ಟ," ಎಂದ ಶ್ಯಾಮಣ್ಣ. "ನಮ್ಮಕ್ಕನ ಕೈ ಅವ್ನಿಗೆ ಕೊಳಕಂತೆ. ಎದ್ದೇಳು ಭಾವ, ಮುಗೀತು."

ಪಾಪಮ್ಮ ಆ ಎಲೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳ ಬೆನ್ನು ನೋಡಿದಾಗ ಮಂಗಳಾಳ ಒಳಗೆ ಏನೋ ಸುಟ್ಟುಹೋಯಿತು.

ಅವನ ಫೋನ್ ಬಂತು. ಮಂಗಳಾ ಎತ್ತಲಿಲ್ಲ. ಮತ್ತೆ ಬಂತು. ಮತ್ತೆ...

ಒಂದು ಭಾನುವಾರ ಮಧ್ಯಾಹ್ನ ಅವಳೇ ಅವನ ಬಾಡಿಗೆ ಮನೆಗೆ ನುಗ್ಗಿದಳು. ಉಗಿದು ಬರಬೇಕೆಂದೇ ಹೋದವಳು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿತ್ತು.

ಪ್ರಮೋದ್ ಪಾಲಕ್ ತೊಳೆಯುತ್ತಿದ್ದ. ಸೊಪ್ಪು ಯಾವಾಗಲೋ ನುಣ್ಣಗಾಗಿ ಹಸಿರು ಲೋಳೆಯಾಗಿತ್ತು. ಅವನು ನಿಲ್ಲಿಸಿರಲಿಲ್ಲ. ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು.

"ನಮ್ಮವ್ವನ ಕೈ ಕೊಳಕೇನೋ?" ಎನ್ನಬೇಕೆಂದಿದ್ದ ಮಾತು ಬಾಯಿಗೆ ಬಂದಾಗ ಅರ್ಧ ಸತ್ತಿತ್ತು.

"ನಿಮ್ಮವ್ವನ ಕೈ ಅಲ್ಲ ಮಂಗಳಾ. ನನ್ನ ತಲೆ." ಅವನು ತಿರುಗಲಿಲ್ಲ. "ಒಂದು ತುತ್ತು ತಪ್ಪಾಗಿ ಉಂಡ್ರೆ ಸಾಯ್ತೀಯ ಅಂತ ಒಳಗೆ ಏನೋ ಹೇಳ್ತಾನೇ ಇರುತ್ತೆ. ತೊಳೆದ್ರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಮತ್ತೆ ಶುರು. ಸುಳ್ಳು ಅಂತ ಗೊತ್ತು. ಗೊತ್ತಿದ್ದೂ ಕೈ ನಿಲ್ಲಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಒಡೆದ ಆ ಕೈಗಳನ್ನು ಸೆರಗಿನಲ್ಲಿ ಒತ್ತಿ ಹಿಡಿದಳು.

"ಇಷ್ಟು ದಿನ ಬಾಯಿಗೇನು ಬೀಗ ಹಾಕಿದ್ಯಾ? ನಡಿ ಡಾಕ್ಟರ್ ಹತ್ರ."

ಹೊಸೂರಿನಲ್ಲಿ ಮನೋವೈದ್ಯೆ ಡಾಕ್ಟರ್ ಪದ್ಮಶ್ರೀ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು.

"ಒಳ್ಳೆ ಊಟ ಬೇಕು ಅನ್ನೋದು ಕಾಯಿಲೆ ಅಲ್ಲ," ಎಂದರು. "ಆದ್ರೆ ಇವರಿಗೆ ಊಟದ ಶುದ್ಧಿಯ ಹುಚ್ಚಿನ ಜೊತೆಗೆ ಗೀಳು ರೋಗವೂ ಹೆಣೆದುಕೊಂಡಿದೆ. ಬೇಡದ ಯೋಚನೆ ಬರುತ್ತೆ, ಭಯ ಆಗುತ್ತೆ, ತೊಳೀತಾರೆ, ಕೇಳ್ತಾರೆ. ಭಯ ಇಳಿಯುತ್ತೆ, ಮತ್ತೆ ಏರುತ್ತೆ. ಎಲ್ಲರಿಗೂ ಹೀಗಾಗಲ್ಲ. ಆದವರಿಗೆ ಚಿಕಿತ್ಸೆ ಇದೆ." ಆಮೇಲೆ ಮಂಗಳಾಳ ಕಡೆ ತಿರುಗಿದರು. "ತೊಳೆದಿದ್ದೀಯಾ ಅಂತ ಕೇಳಿದಾಗಲೆಲ್ಲ ನೀವು ಉತ್ತರ ಕೊಡ್ತೀರಾ?"

"ಕೊಡ್ತೀನಿ. ಪ್ರೀತಿಯಿಂದ ಕೊಡ್ತೀನಿ."

"ಆ ಪ್ರೀತಿ ಇವರ ಹೊಟ್ಟೆಗೆ ಹೋಗ್ತಿದೆ ಅಂತ ನೀವು ಅಂದ್ಕೊಂಡಿದ್ದೀರ. ಅದನ್ನ ಉಣ್ತಿರೋದು ಗೀಳು. ಇನ್ಮೇಲೆ ಉತ್ತರ ಕೊಡಬೇಡಿ. ಬೈಯಲೂಬೇಡಿ. ಜೊತೆಗಿರಿ."

ಮಂಗಳಾಗೆ ಮೈಯೆಲ್ಲ ಉರಿಯಿತು. ಡಾಕ್ಟರ ಮೇಲೆ, ಆ ಫೋನಿನ ವಿಡಿಯೋಗಳ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ಇಷ್ಟು ದಿನ ಮುದ್ದು ಮಾಡಿದ್ದು ಅವನನ್ನಲ್ಲ, ಅವನನ್ನು ತಿನ್ನುತ್ತಿದ್ದುದನ್ನು!

ಮಾತ್ರೆ ಶುರುವಾಯಿತು. ವಾರವಾರವೂ ಡಾಕ್ಟರ ಎದುರು ಕೂತು ಒಂದು ಬಿಸ್ಕತ್ತು, ಒಂದು ಇಡ್ಲಿ, ಒಂದು ಲೋಟ ಚಹಾ... ತಿಂದು, ತೊಳೆಯಲು ಓಡದೆ ಕೂರುವ ಅಭ್ಯಾಸ. ಒಂದೊಂದು ವಾರ ಇಡ್ಲಿ ಹಾಗೇ ಉಳಿಯುತ್ತಿತ್ತು. "ತೊಳೆದಿದ್ದೀಯಾ?" ಎಂದು ಅವನು ಕಣ್ಣೀರಿಟ್ಟು ಕೇಳಿದಾಗ ಹಲ್ಲು ಕಚ್ಚಿ ಸುಮ್ಮನಿರುವುದು ಅವಳಿಗೆ ಕಲ್ಲು ನುಂಗಿದಷ್ಟು ಕಷ್ಟವಾಯಿತು. ಒಮ್ಮೆ ಅವನು ತಟ್ಟೆಯನ್ನೇ ಎಸೆದ. ಅವಳು ಸದ್ದಿಲ್ಲದೆ ಬಾಚಿ ತೆಗೆದು, ಹೊರಗೆ ಹೋಗಿ ಗೋಡೆಗೆ ಗುದ್ದಿ ಬಂದಳು.

ಅವರೆಕಾಯಿ ಮತ್ತೆ ಬಂದ ಕಾಲಕ್ಕೆ ಪ್ರಮೋದ್ ಅವಳ ಊರಿಗೆ ಬಂದ.

ದೊಡ್ಡಣ್ಣ ಬಾಗಿಲಿಗೆ ಅಡ್ಡ ನಿಂತ. "ಯಾಕಪ್ಪಾ ಬಂದೆ? ಇನ್ನೊಂದು ಎಲೆ ಮಡಚಕ್ಕಾ?"

"ಉಣ್ಣಕ್ಕೆ ಬಂದೆ ಮಾವ. ಎಷ್ಟು ಉಣ್ತೀನೋ ಗೊತ್ತಿಲ್ಲ. ಅವತ್ತು ಮಡಚಿದ್ದು ನಿಮ್ಮ ಮಗಳು ಬೇಡ ಅಂತಲ್ಲ. ನನ್ನ ಕಾಯಿಲೆ."

ದೊಡ್ಡಣ್ಣ ಅವನ ಕೈಗಳನ್ನು ನೋಡಿದ. ಗಾಯ ಒಣಗಿ ಕಲೆ ಉಳಿದಿತ್ತು. ಪಕ್ಕಕ್ಕೆ ಸರಿದ.

ಪಾಪಮ್ಮ ಎಲೆ ಹಾಕಿದಳು. ಅದೇ ಮುದ್ದೆ, ಅದೇ ಸಾರು. ಪ್ರಮೋದನ ಹಣೆಯಲ್ಲಿ ಮತ್ತೆ ಬೆವರು.

"ಮಂಗಳಾ... ತೊಳೆದಿದ್ದೀಯಾ?"

ಪಾಪಮ್ಮ ಬಾಯಿ ತೆರೆಯುವಷ್ಟರಲ್ಲಿ ಮಂಗಳಾ ಅವ್ವನ ಕೈ ಹಿಡಿದಳು.

"ಹೇಳಲ್ಲ," ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ತುಂಬಿತ್ತು.

ಅವನು ಕಣ್ಣು ಮುಚ್ಚಿದ. ಕೈ ಮುದ್ದೆಯ ಹತ್ತಿರ ಹೋಯಿತು. ಹಿಂದೆ ಬರಲಿಲ್ಲ. ಒಂದು ತುಂಡು ಮುರಿದು, ಸಾರಿಗೆ ಅದ್ದಿ, ನುಂಗಿದ.

"ಉಂಡ್ಬುಟ್ಟ ಭಾವ," ಎಂದ ಪಂಕ್ತಿಯಲ್ಲಿದ್ದ ಶ್ಯಾಮಣ್ಣ, ದೊಡ್ಡಣ್ಣನ ಕಿವಿಯಲ್ಲಿ. ಪಾಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನೊಂದು ಸೌಟು ಸಾರು ಬುಡ್ಲಾ ಮಗಾ?" ಎಂದಳು.

ಅರ್ಧ ಮುದ್ದೆ ಉಂಡ. ಉಳಿದದ್ದು ಆಗಲಿಲ್ಲ. ಎಲೆ ಮಡಚಲಿಲ್ಲ.

ಹಿತ್ತಿಲಲ್ಲಿ ಮಂಗಳಾ ಅವನ ಕೈಗೆ ಒಂದು ಚೊಂಬು ನೀರು ಹಾಕಿ ನಿಲ್ಲಿಸಿದಳು.

"ಇನ್ನೊಂದು ಚೊಂಬು?"

"ಇಲ್ಲ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇನ್ನೂ ಕೋಪಾನಾ?"

"ಇದೆ. ನಿನ್ನ ತಲೇಲಿ ಕೂತಿದೆಯಲ್ಲ, ಅದರ ಮೇಲೆ. ಅದು ಹೋಗೋ ತನಕ ಇರುತ್ತೆ."

"ಪೂರ್ತಿ ಹೋಗದಿದ್ರೆ?"

"ಇಬ್ಬರೂ ಸೇರಿ ಬೈಯೋಣ."

ಅವನು ತಲೆ ತಗ್ಗಿಸಿ ನಿಂತ. "ನನ್ನ ಮೇಲೆ ಪ್ರೀತಿ ಇದೆಯಾ ಮಂಗಳಾ?"

"ಇದೆ."

"ನಿಜವಾಗ್ಲೂ?"

ಅವಳು ಚೊಂಬು ಕೆಳಗಿಟ್ಟು, ಕಲೆ ಉಳಿದ ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನಿಜವಾಗ್ಲೂ ಕಣೋ. ಇದೊಂದನ್ನ ಮಾತ್ರ ಎಷ್ಟು ಸಲ ಬೇಕಾದ್ರೂ ಕೇಳು. ಕೇಳಿದಾಗಲೆಲ್ಲ ಹೇಳ್ತೀನಿ."